ಸಾಲಗಾರನಿಗೂ ಹಕ್ಕಿದೆ

"ಉಸ್ತಾದ್, ಉಮ್ಮ ಹೇಳಿಸಿದ ಸುಳ್ಳು ನನಗೆ ಪಾಪವಾಗುತ್ತದೆಯೇ?"

ಮದ್ರಸ ಬಿಟ್ಟ ಮೇಲೂ ಮನೆಗೆ ಹೋಗದೆ ನಿಂತಿದ್ದ ಹುಡುಗನೊಬ್ಬ ಈ ಪ್ರಶ್ನೆ ಕೇಳಿದ. ವಿಚಾರಿಸಿದಾಗ ಸಂಗತಿ ತಿಳಿಯಿತು. ಪ್ರತಿ ವಾರ ಕಂತಿನ ದಿನ ವಸೂಲಿಯವರು ಬರುತ್ತಾರೆ. ತಾಯಿ ಹಿತ್ತಲಿಗೆ ಹೋಗಿ ಅಡಗುತ್ತಾರೆ. ಮಗ ಬಾಗಿಲಲ್ಲಿ ನಿಂತು "ಉಮ್ಮ ಇಲ್ಲ" ಎನ್ನಬೇಕು.

ಪ್ರವಾದಿಯವರು(ಸ) ನಮಾಝ್‌ನಲ್ಲಿ ಸಾಲದಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಕಾರಣ ಕೇಳಿದಾಗ, ಸಾಲಗಾರನ ಮಾತಿನಲ್ಲಿ ಸುಳ್ಳು ಸೇರುತ್ತದೆ, ಕೊಟ್ಟ ವಾಗ್ದಾನ ಮುರಿಯುತ್ತದೆ ಎಂದು ವಿವರಿಸಿದರು. ಈ ಹದೀಸನ್ನು ನಾನು ಹಲವು ಬಾರಿ ಪಾಠ ಮಾಡಿದ್ದೆ. ಅದರ ಅರ್ಥ ಮನಸ್ಸಿಗೆ ನಾಟಿದ್ದು ಮಾತ್ರ ಆ ದಿನ.

ಆ ತಾಯಿ ಸುಳ್ಳುಗಾರ್ತಿಯಲ್ಲ. ಅವರಿಗೆ ಭಯವಿತ್ತು. ತನ್ನ ಹಕ್ಕೇನೆಂದು ತಿಳಿಯದಿದ್ದುದೇ ಆ ಭಯದ ಮೂಲ.

ಮೊದಲು ಹೊಣೆ

ಸಾಲ ತೀರಿಸುವುದು ಕಡ್ಡಾಯ. ಸಾಲ ಉಳಿಸಿ ತೀರಿಕೊಂಡ ಒಬ್ಬರ ಜನಾಝ ನಮಾಝ್‌ಗೆ ನೇತೃತ್ವ ನೀಡಲು ಪ್ರವಾದಿಯವರು(ಸ) ಹಿಂಜರಿದರು; ಅಬೂ ಕತಾದ(ರ) ಆ ಸಾಲವನ್ನು ವಹಿಸಿಕೊಂಡ ಬಳಿಕವೇ ನಮಾಝ್ ನಿರ್ವಹಿಸಿದರು. ಕೈಯಲ್ಲಿ ಹಣವಿದ್ದೂ ಸತಾಯಿಸುವುದು ಅಕ್ರಮವೆಂದೂ ಅವರು ಕಲಿಸಿದ್ದಾರೆ. "ಬಡ್ಡಿ ಹರಾಮ್, ಆದ್ದರಿಂದ ಏನೂ ಕೊಡಬೇಕಾಗಿಲ್ಲ" ಎಂದು ವಾದಿಸುವವರಿದ್ದಾರೆ. ಇದು ಸರಿಯಲ್ಲ. ಬಡ್ಡಿಯನ್ನು ನಿಷೇಧಿಸಿದ ಕುರ್‌ಆನ್, ಕೊಟ್ಟವನಿಗೆ ಅವನ ಅಸಲಿನ ಹಕ್ಕನ್ನು ಉಳಿಸಿದೆ.

ಅದೇ ಅಲ್ ಬಕರ ಅಧ್ಯಾಯದ 280ನೇ ಸೂಕ್ತವು, ಸಾಲಗಾರ ಇಕ್ಕಟ್ಟಿನಲ್ಲಿದ್ದರೆ ಅನುಕೂಲವಾಗುವ ತನಕ ಕಾಲಾವಕಾಶ ಕೊಡಲು ಆದೇಶಿಸುತ್ತದೆ. ಒಮ್ಮೆ ಮಸೀದಿಯಲ್ಲಿ ಕಅಬ್ ಬಿನ್ ಮಾಲಿಕ್(ರ) ತಮಗೆ ಬರಬೇಕಾದ ಸಾಲ ಕೇಳುತ್ತಿದ್ದಾಗ ಇಬ್ಬರ ಧ್ವನಿಯೂ ಏರಿತು. ಪ್ರವಾದಿಯವರು(ಸ) ಮನೆಯ ಪರದೆ ಸರಿಸಿ, ಅರ್ಧ ಬಿಟ್ಟುಬಿಡುವಂತೆ ಕಅಬರಿಗೆ ಸನ್ನೆ ಮಾಡಿದರು. ಅವರು ಒಪ್ಪಿದರು. ಆಗ ಸಾಲಗಾರನ ಕಡೆ ತಿರುಗಿ, ಎದ್ದು ಉಳಿದುದನ್ನು ತೀರಿಸುವಂತೆ ಹೇಳಿದರು. ಒಬ್ಬನಿಗೆ ರಿಯಾಯಿತಿ, ಇನ್ನೊಬ್ಬನಿಗೆ ಪಾವತಿ: ಕುಳಿತು ಇತ್ಯರ್ಥ ಮಾಡಿಕೊಳ್ಳುವುದು ನಾಚಿಕೆಯ ವಿಷಯವಲ್ಲ, ಸುನ್ನತ್ತಿನಲ್ಲಿ ಅದಕ್ಕೆ ಮಾದರಿಯಿದೆ.

ವಸೂಲಿಗಾರನ ಮಿತಿ

ನಮ್ಮ ದೇಶದ ಕಾನೂನೂ ಮಿತಿಗಳನ್ನು ಹಾಕಿದೆ. ವಾರ್ಷಿಕ ಆದಾಯ 3 ಲಕ್ಷ ರೂಪಾಯಿವರೆಗಿನ ಕುಟುಂಬಕ್ಕೆ ಅಡಮಾನವಿಲ್ಲದೆ ಕೊಡುವ ಕಿರುಸಾಲದ ಬಗ್ಗೆ ರಿಸರ್ವ್ ಬ್ಯಾಂಕು 2022ರಲ್ಲಿ ನಿಯಮ ರೂಪಿಸಿತು. ಅದರಂತೆ ಬೆಳಿಗ್ಗೆ 9ಕ್ಕೆ ಮುಂಚೆ, ಸಂಜೆ 6ರ ನಂತರ ವಸೂಲಿಯ ಕರೆ ಕೂಡದು. ಬೆದರಿಕೆ, ಬೈಗುಳ, ಸಾಲಗಾರರ ಹೆಸರನ್ನು ಬಹಿರಂಗಪಡಿಸುವುದು, ನೆಂಟರನ್ನೂ ಜೊತೆ ಕೆಲಸಗಾರರನ್ನೂ ಪೀಡಿಸುವುದು ಕೂಡದು. ವಸೂಲಿ ನಡೆಯಬೇಕಾದದ್ದು ಇಬ್ಬರೂ ಒಪ್ಪಿದ ಸ್ಥಳದಲ್ಲಿ. ಸತತ ಎರಡು ಸಲ ನೀವು ಅಲ್ಲಿಗೆ ಬಾರದಿದ್ದರೆ ಮಾತ್ರ ಅವರು ಮನೆಗೆ ಬರಬಹುದು. ಆದ್ದರಿಂದ ಅಡಗಿಕೊಳ್ಳುವುದು ನಿಮಗೇ ಹಾನಿ. ದಂಡವನ್ನು ಬಾಕಿಯಾದ ಕಂತಿನ ಮೇಲೆ ಹಾಕಬಹುದೇ ಹೊರತು ಇಡೀ ಸಾಲದ ಮೇಲೆ ಅಲ್ಲ. ಕಷ್ಟದಲ್ಲಿರುವ ಸಾಲಗಾರರನ್ನು ಗುರುತಿಸಿ ಅವರೊಡನೆ ಮಾತಾಡುವ ವ್ಯವಸ್ಥೆಯೂ ಸಂಸ್ಥೆಯಲ್ಲಿರಬೇಕು.

ಕರ್ನಾಟಕದಲ್ಲಿ 2025ರ ಫೆಬ್ರವರಿಯಲ್ಲಿ ಬಲವಂತದ ಕಿರುಸಾಲ ವಸೂಲಿಯ ವಿರುದ್ಧ ಸುಗ್ರೀವಾಜ್ಞೆ ಬಂತು. ಅದೇ ವರ್ಷ ವಿಧಾನಮಂಡಲ ಅದನ್ನು ಕಾಯಿದೆಯಾಗಿಸಿತು. ಇದರಡಿ 10 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು.

"ಪೊಲೀಸರಿಂದ ಹಿಡಿಸುತ್ತೇವೆ" ಎಂಬ ಮಾತಿಗೆ ಹೆಂಗಸರು ತುಂಬಾ ಹೆದರುತ್ತಾರೆ. ಕಂತು ಕಟ್ಟಲಾಗದಿರುವುದಷ್ಟೇ ಅಪರಾಧವಲ್ಲ, ಅದು ಸಿವಿಲ್ ವ್ಯಾಜ್ಯ. ಹಣದ ಡಿಕ್ರಿಗಾಗಿ ಮಹಿಳೆಯನ್ನು ಬಂಧಿಸುವಂತಿಲ್ಲ ಎಂದು ಸಿವಿಲ್ ಪ್ರಕ್ರಿಯಾ ಸಂಹಿತೆಯ 56ನೇ ಕಲಂ ಹೇಳುತ್ತದೆ. ನ್ಯಾಯಾಲಯ ಜಫ್ತಿ ಮಾಡಿಸಿದರೂ ಉಡುವ ಬಟ್ಟೆ, ಅಡುಗೆ ಪಾತ್ರೆ, ಹಾಸಿಗೆ, ಕುಶಲಕರ್ಮಿಯ ಉಪಕರಣ ಇವುಗಳನ್ನು ಮುಟ್ಟಬಾರದೆಂಬುದು 60ನೇ ಕಲಂ. ಹಾಗಿರುವಾಗ ವಸೂಲಿಗಾರ ತಾನಾಗಿ ಗ್ಯಾಸ್ ಸಿಲಿಂಡರೋ ಹೊಲಿಗೆ ಯಂತ್ರವೋ ಎತ್ತಿಕೊಂಡು ಹೋಗಲು ಅಧಿಕಾರವೆಲ್ಲಿದೆ? ಆದರೆ ನೀವು ಕೊಟ್ಟ ಚೆಕ್ ಹಣವಿಲ್ಲದೆ ಮರಳಿದರೆ ಅದು ಕ್ರಿಮಿನಲ್ ಮೊಕದ್ದಮೆಯಾಗಬಹುದು. ಮನೆ, ವಾಹನ, ಚಿನ್ನ ಅಡವಿಟ್ಟ ಸಾಲಕ್ಕೆ ಬೇರೆ ನಿಯಮಗಳಿವೆ. ಖಾಲಿ ಚೆಕ್ಕಿಗೂ ಖಾಲಿ ಕಾಗದಕ್ಕೂ ಎಂದೂ ಸಹಿ ಹಾಕಬೇಡಿ.

ಮಾತಾಡುವುದು ಹೇಗೆ?

ಬಂದವರ ಗುರುತಿನ ಚೀಟಿ, ಅಧಿಕಾರ ಪತ್ರ ಕೇಳಿರಿ. ಅಸಲೆಷ್ಟು, ಬಡ್ಡಿಯೆಷ್ಟು, ಕಟ್ಟಿದ್ದೆಷ್ಟು ಎಂಬ ಲೆಕ್ಕವನ್ನು ಬರಹದಲ್ಲಿ ಪಡೆಯಿರಿ. ಬಳಿಕ ಅಕ್ಕಿ, ಔಷಧಿ, ಮಕ್ಕಳ ಶಾಲೆಯ ಖರ್ಚು ಕಳೆದು ಎಷ್ಟು ಉಳಿಯುವುದೆಂದು ಮನೆಯಲ್ಲಿ ಕುಳಿತು ನೋಡಿರಿ. ಅದಕ್ಕಿಂತ ಹೆಚ್ಚಿನ ಮಾತು ಕೊಡಬೇಡಿ. ತಿಂಗಳಿಗೆ 1,000 ರೂಪಾಯಿ ಕೊಡಬಲ್ಲವರು ಆ ಕ್ಷಣದಿಂದ ತಪ್ಪಿಸಿಕೊಳ್ಳಲು 3,000ಕ್ಕೆ ಒಪ್ಪಿದರೆ ಮುಂದಿನ ತಿಂಗಳು ಮತ್ತೆ ಅಡಗಬೇಕಾಗುತ್ತದೆ. ಒಂದು ಸಾಲ ತೀರಿಸಲು ಇನ್ನೊಂದು ಸಾಲ ಮಾಡಬೇಡಿ.

ಒಪ್ಪಂದ ಬರಹದಲ್ಲಿರಲಿ. ಸಾಲವನ್ನು ಬರೆದಿಡಲು ಹೇಳಿದ ಸೂಕ್ತವೇ ಕುರ್‌ಆನಿನ ಅತಿ ದೀರ್ಘ ಸೂಕ್ತವೆಂಬುದನ್ನು ಮರೆಯಬೇಡಿ. ಪ್ರತಿ ಪಾವತಿಗೂ ರಸೀದಿ, ತೀರಿದ ಮೇಲೆ ಬಾಕಿಯಿಲ್ಲವೆಂಬ ಪತ್ರ ಪಡೆಯಿರಿ.

ಕಿರುಕುಳವಾದರೆ ಸಂಸ್ಥೆಗೆ ಲಿಖಿತ ದೂರು ಕೊಡಿರಿ. 30 ದಿನಗಳಲ್ಲಿ ಸಮಾಧಾನ ಸಿಗದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಬೆದರಿಕೆಯಿದ್ದರೆ ಪೊಲೀಸ್ ಠಾಣೆಗೆ ಹೋಗಿರಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯಿದೆಯಂತೆ ಮಹಿಳೆಯರಿಗೆ, ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವಿದೆ. ತಾಲೂಕು ನ್ಯಾಯಾಲಯದಲ್ಲಿ ವಿಚಾರಿಸಬಹುದು, ಅಥವಾ 15100ಕ್ಕೆ ಫೋನ್ ಮಾಡಬಹುದು.

ಜಮಾಅತಿಗೊಂದು ಮಾತು

ಝಕಾತ್‌ನ ಎಂಟು ಹಕ್ಕುದಾರರಲ್ಲಿ ಸಾಲಗ್ರಸ್ತರೂ ಒಬ್ಬರು. ಈ ಬಾಬನ್ನು ನಮ್ಮ ಎಷ್ಟು ಮೊಹಲ್ಲಾಗಳು ನೆನಪಿಟ್ಟಿವೆ? ಸಾಲ ಮಾಡಿದವರನ್ನು ಜರೆಯುವ ಮೊದಲು, ಆಸ್ಪತ್ರೆಯ ಬಿಲ್ಲಿನ ದಿನ ಅವರು ಯಾರ ಬಾಗಿಲು ತಟ್ಟಿದ್ದರು, ಅದು ತೆರೆಯಿತೇ ಎಂದು ಕೇಳಿಕೊಳ್ಳೋಣ.

ಆ ಹುಡುಗನಿಗೆ ನಾನು ಹೇಳಿದ್ದು ಇಷ್ಟೇ: "ಇನ್ನು ಸುಳ್ಳು ಹೇಳಬೇಕಾಗಿಲ್ಲ, ಮಗನೇ. ಉಮ್ಮನ ಜೊತೆ ನಾವು ಮಾತಾಡುತ್ತೇವೆ." ಜಮಾಅತಿನ ಹಿರಿಯರೊಬ್ಬರೂ ನಾನೂ ಆ ಮನೆಗೆ ಹೋಗಿ, ಅವರ ಆದಾಯ ನೋಡಿ, ಸಂಸ್ಥೆಗೆ ಒಂದು ಪತ್ರ ಬರೆದೆವು. ಸಾಲ ಪೂರ್ತಿ ತೀರಿಲ್ಲ, ಕಂತು ಸಣ್ಣದಾಗಿದೆ. ಆದರೆ ಈಗ ಕಂತಿನ ದಿನ ಬಾಗಿಲಲ್ಲಿ ತಾಯಿಯೇ ನಿಲ್ಲುತ್ತಾರೆ, ಕೈಯಲ್ಲಿ ರಸೀದಿಗಳ ಕಟ್ಟು ಹಿಡಿದುಕೊಂಡು.