ಕಷಾಯ ಕುಡಿಯೋಕೆ ಮುಂಚೆ

ಪುಟ್ಟಿ,

ಕೀಲುನೋವಿನ ಮಾತ್ರೆ ಮೆಥೋಟ್ರೆಕ್ಸೇಟ್ ಬಿಟ್ಟು ಅಮೃತಬಳ್ಳಿ ಕಷಾಯ, ಅರಿಸಿನದ ಕ್ಯಾಪ್ಸೂಲ್ ಶುರು ಮಾಡ್ತೀನಿ ಅಂದೆಯಂತೆ, ನಿಮ್ಮಮ್ಮ ಹೇಳಿದಳು. ಬೆಳಗ್ಗೆ ಎದ್ದರೆ ಬೆರಳು ಮಡಚೋಕಾಗದೆ, ಕುಕ್ಕರ್ ಮುಚ್ಚಳ ತೆಗೆಯೋಕೂ ಇನ್ನೊಬ್ಬರನ್ನ ಕರೆಯಬೇಕಾದ ನಿನ್ನ ಸಂಕಟ ನೋಡಿದ್ದೀನಿ. ಮಾತ್ರೆ ನುಂಗಿದ ಮಾರನೇ ದಿನ ಹೊಟ್ಟೆ ತೊಳಸುತ್ತೆ ಅನ್ನೋದೂ ಗೊತ್ತು. ಆದರೂ ದೊಡ್ಡಮ್ಮನ ಮಾತು ಸ್ವಲ್ಪ ಕೇಳು. ಔಷಧಶಾಸ್ತ್ರ ಪಾಠ ಹೇಳಿಕೊಂಡೇ ವಯಸ್ಸಾದವಳು ನಾನು, ಗಿಡಮೂಲಿಕೆ ಅಂದರೆ ನನಗೆ ಅಸಡ್ಡೆ ಇಲ್ಲ.

ಗಿಡದ ಶಕ್ತಿ ನಿಜ. ಬಾವಂಚಿ ಬೀಜದಲ್ಲಿರೋ ಸೊರಾಲೆನ್ ಬಗೆಯ ಔಷಧಿ ಕೊಟ್ಟು, ನೇರಳಾತೀತ ಬೆಳಕು ಬಿಟ್ಟು, ಚರ್ಮದ ಡಾಕ್ಟರು ಸೋರಿಯಾಸಿಸ್ ಹತೋಟಿಗೆ ತರ್ತಾರೆ. ಚರ್ಮಕ್ಕೆ ನುಗ್ಗಿದ ಟಿ ಕೋಶಗಳು, ಅಂದರೆ ದೇಹದ ರಕ್ಷಣಾ ಕೋಶಗಳು, ಅದರಿಂದ ಸಾಯುತ್ತವೆ. ಚೀನಾದಲ್ಲಿ ಲೇ ಗೋಂಗ್ ಟೆಂಗ್ ಅನ್ನೋ ಬಳ್ಳಿ ಇದೆ. ನಿನಗಿರೋ ಈ ರುಮಟಾಯ್ಡ್ ಸಂಧಿವಾತದವರೇ 207 ಜನರ ಮೇಲೆ ಅಲ್ಲಿ ಪ್ರಯೋಗ ಮಾಡಿ 2014ರಲ್ಲಿ ಪ್ರಕಟಿಸಿದರು. ಬಳ್ಳಿಯ ಸಾರ ಮೆಥೋಟ್ರೆಕ್ಸೇಟ್‌ಗೆ ಸಮನಾಗಿ ನಿಂತಿತು. ಆದರೆ ಅದೇ ಬಳ್ಳಿ ಹೆಂಗಸರ ಮುಟ್ಟು ನಿಲ್ಲಿಸುತ್ತೆ, ಗಂಡಸರ ವೀರ್ಯಾಣು ಕುಗ್ಗಿಸುತ್ತೆ. ರಕ್ಷಣಾ ಕೋಶಗಳನ್ನ ಅಲುಗಿಸೋ ಬಲ ಇರೋ ವಸ್ತು ದೇಹದ ಬೇರೆ ಕಡೆಯೂ ಕೈ ಹಾಕುತ್ತೆ, ಅದು ಬೇರಿನಿಂದ ಬಂದಿರಲಿ, ಕಾರ್ಖಾನೆಯಿಂದ ಬಂದಿರಲಿ.

ಈಗ ಅರಿಸಿನಕ್ಕೆ ಬರೋಣ. ಸಾರಿಗೆ ಹಾಕೋ ಪುಡಿಯಲ್ಲಿ ಅರಿಸಿನದ ಮುಖ್ಯ ಸತ್ವವಾದ ಕರ್ಕ್ಯುಮಿನ್ ಇರೋದು ನೂರಕ್ಕೆ ಸುಮಾರು ಮೂರು ಪಾಲು, ಅದೂ ರಕ್ತಕ್ಕೆ ಸೇರೋದು ತೀರಾ ಕಡಿಮೆ. ಅದಕ್ಕೆ ಹೆದರಬೇಡ. ಕ್ಯಾಪ್ಸೂಲ್ ವಿಷಯ ಬೇರೆ, ಎಷ್ಟೋ ಕಂಪನಿಯವರು ಅದರಲ್ಲಿ ಕರಿಮೆಣಸಿನ ಪೈಪರೀನ್ ಸೇರಿಸಿರ್ತಾರೆ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರೇ 1998ರಲ್ಲಿ ತೋರಿಸಿದ್ದು: 2 ಗ್ರಾಂ ಕರ್ಕ್ಯುಮಿನ್ ಜೊತೆ ಬರೀ 20 ಮಿಲಿಗ್ರಾಂ ಪೈಪರೀನ್ ಕೊಟ್ಟರೆ ರಕ್ತಕ್ಕೆ ಸೇರೋ ಪ್ರಮಾಣ ಸುಮಾರು ಇಪ್ಪತ್ತು ಪಟ್ಟು ಏರುತ್ತೆ. ಹೇಗೆ ಅಂದರೆ, ಹೊರಗಿನ ವಸ್ತುಗಳನ್ನ ಒಡೆದು ಸಾಗಹಾಕೋ ಕರುಳಿನ, ಲಿವರಿನ ಕಿಣ್ವಗಳನ್ನ ಪೈಪರೀನ್ ತಡೆಯುತ್ತೆ. ನೀನು ನುಂಗೋ ಬೇರೆ ಮಾತ್ರೆಗಳೂ ಆಗ ಲೆಕ್ಕ ಮೀರಿ ಉಳಿದುಬಿಡಬಹುದು. ಅಮೆರಿಕದಲ್ಲಿ ಅರಿಸಿನದ ಪೂರಕಗಳಿಂದ ಲಿವರ್ ಕೆಟ್ಟ ಹತ್ತು ಜನರ ವರದಿ ಬಂದಿದೆ, ಅವರಲ್ಲಿ ಏಳು ಜನಕ್ಕೆ ಒಂದೇ ಬಗೆಯ ಜೀನ್ ಇತ್ತು. ನಿನ್ನಲ್ಲಿ ಅದಿದೆಯೋ ಇಲ್ಲವೋ ಕನ್ನಡಿ ನೋಡಿ ಹೇಳೋಕಾಗಲ್ಲ.

ಅಮೃತಬಳ್ಳಿ ಬಗ್ಗೆ ಮಾತ್ರ ಗಟ್ಟಿಯಾಗಿ ಹೇಳ್ತೀನಿ, ಬೇಡ. ಅದು ರಕ್ಷಣಾ ಕೋಶಗಳನ್ನ ಚುರುಕು ಮಾಡುತ್ತೆ ಅನ್ನೋದೇ ಅದರ ಹೆಗ್ಗಳಿಕೆ. ನಿನ್ನ ಕೋಶಗಳು ಅತಿ ಚುರುಕಾಗಿಯೇ ನಿನ್ನ ಕೀಲು ಕೊರೀತಿವೆ! 2020ರಲ್ಲಿ, ಕೋವಿಡ್ ಭಯದಲ್ಲಿ ಎಲ್ಲರೂ ಕುಡಿದಾಗ, ಮುಂಬೈಯಲ್ಲಿ ಆರು ಜನಕ್ಕೆ ಲಿವರ್ ಊದಿಕೊಂಡಿತು. ಆಮೇಲೆ ದೇಶದ 13 ಕೇಂದ್ರಗಳಿಂದ 43 ಜನರ ವರದಿ ಬಂತು. ಹಲವರಲ್ಲಿ ದೇಹ ತನ್ನ ಲಿವರನ್ನೇ ಕಡಿಯುವ ಲಕ್ಷಣ ಇತ್ತು. ಆಯುಷ್ ಸಚಿವಾಲಯ ಒಪ್ಪಲಿಲ್ಲ, ಹೋಲುವ ಬೇರೆ ಬಳ್ಳಿ ಇರಬೇಕು ಅಂದಿತು. ಇರಲಿ. ಬೇಲಿಯಿಂದ ಕಿತ್ತು ತರೋದು ಯಾವ ಬಳ್ಳಿ ಅಂತ ನೀನು ಹೇಗೆ ಗುರುತು ಹಿಡೀತೀಯ? ಮೆಥೋಟ್ರೆಕ್ಸೇಟ್‌ನಿಂದ ನಿನ್ನ ಲಿವರ್ ಮೇಲೆ ಈಗಲೇ ಭಾರ ಬಿದ್ದಿದೆ.

ಹೊಟ್ಟೆ ತೊಳಸೋದನ್ನ ಡಾಕ್ಟರಿಗೆ ಹೇಳು. ಫೋಲಿಕ್ ಆಸಿಡ್ ಸರಿಮಾಡ್ತಾರೆ, ಇಲ್ಲ ಮೆಥೋಟ್ರೆಕ್ಸೇಟನ್ನೇ ಇಂಜೆಕ್ಷನ್ ಆಗಿ ಕೊಡ್ತಾರೆ, ಎಷ್ಟೋ ಜನಕ್ಕೆ ಅದರಲ್ಲಿ ವಾಕರಿಕೆ ಕಡಿಮೆ. ಮಗು ಬೇಕು ಅನ್ನೋದಾದರೆ ಅದನ್ನೂ ಮುಚ್ಚುಮರೆ ಮಾಡಬೇಡ. ಈ ಮಾತ್ರೆಯನ್ನ ಆಗ ಮುಂಚೆಯೇ ನಿಲ್ಲಿಸಲೇಬೇಕು, ಬದಲಿಗೆ ಕೊಡೋ ಔಷಧಿಗಳಿವೆ. ಎರಡೇ ದಿನದಲ್ಲಿ ನೋವು ಮಾಯ ಅನ್ನೋ ಚೂರ್ಣ ಯಾರೇ ಕೊಟ್ಟರೂ ಮುಟ್ಟಬೇಡ, ಅಂಥದ್ದರಲ್ಲಿ ಸ್ಟೀರಾಯ್ಡ್ ಬೆರೆಸಿರೋದು ಉಂಟು. ಮುಂದಿನ ಸಲ ಡಾಕ್ಟರ ಹತ್ತಿರ ಹೋಗುವಾಗ ಕ್ಯಾಪ್ಸೂಲ್ ಡಬ್ಬಿಯನ್ನೂ ಬ್ಯಾಗಿಗೆ ಹಾಕ್ಕೋ, ಚೀಟಿ ಓದಿ ಅವರೇ ಹೇಳಲಿ. ಬೇಕಿದ್ದರೆ ನಾನೂ ಜೊತೆಗೆ ಬರ್ತೀನಿ.