ಟಾನಿಕ್ಕಿಗೆ ಮೊದಲು ಮಣ್ಣಿನ ಹದ

ಪಟ್ಟಣ ಬಿಟ್ಟು ಬಂದು ಕೋಲಾರದ ಕೆಮ್ಮಣ್ಣಿಗೆ ಕೈಹಾಕಿದ್ದೀಯ. ಅದೂ ಕ್ಯಾರೆಟ್ಟು, ಬೀಟ್‌ರೂಟು! ಬಲು ಸಂತೋಷ ಕಣೋ ಮಗ. ಆದರೆ ಬೀಜ ಇನ್ನೂ ಪ್ಯಾಕೆಟ್ಟಿನಲ್ಲಿದೆ, ಟಾನಿಕ್ ಬಾಟಲಿಗಳು ಆಗಲೇ ಕೊಟ್ಟಿಗೆಯಲ್ಲಿ ಸಾಲಾಗಿ ನಿಂತಿವೆ. ಇಷ್ಟು ಆತುರವೇನು?

ಟಾನಿಕ್ ಬೇಡ ಅಂತ ನಾನು ಹೇಳುವುದಿಲ್ಲ. ಕಡಲಪಾಚಿ ಸಾರ, ಹ್ಯೂಮಿಕ್, ಜೀವಾಮೃತ ಎಲ್ಲಕ್ಕೂ ಕೆಲಸವಿದೆ. ಬೇರು ಚುರುಕಾಗುತ್ತದೆ, ಬಿಸಿಲಿನ ಹೊಡೆತವನ್ನು ಗಿಡ ಸ್ವಲ್ಪ ಸಹಿಸಿಕೊಳ್ಳುತ್ತದೆ, ಮಣ್ಣಿನಲ್ಲಿರುವ ಸಾರವನ್ನು ಚೆನ್ನಾಗಿ ಎಳೆದುಕೊಳ್ಳುತ್ತದೆ. ಮಣ್ಣಿನಲ್ಲಿ ಸಾರವೇ ಇಲ್ಲದಿದ್ದರೆ? ಹಸಿದವನಿಗೆ ಅನ್ನ ಬಡಿಸದೆ ಟಾನಿಕ್ ಕುಡಿಸಿದ ಹಾಗಾಗುತ್ತದೆ, ಅಷ್ಟೆ. ಇವು ಗೊಬ್ಬರದ ಬದಲಿಗೆ ಬರುವ ವಸ್ತುಗಳಲ್ಲ, ನೀರಿನ ಬದಲಿಗಂತೂ ಅಲ್ಲವೇ ಅಲ್ಲ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ, ಬೋರ್‌ವೆಲ್‌ಗಳು ಸಾವಿರ ಅಡಿ ದಾಟಿವೆ. ಇಲ್ಲಿ ಬೆಳೆ ಗೆಲ್ಲುವುದೂ ಸೋಲುವುದೂ ಮೊದಲ ಎರಡು ವಾರದಲ್ಲೇ. ಕ್ಯಾರೆಟ್ ಬೀಜ ಸಣ್ಣದು, ಮೊಳೆಯುವುದು ನಿಧಾನ. ಮೊದಲ ಚಿಗುರು ಕಾಣಲು ವಾರ ಕಳೆಯಬೇಕು, ಎಷ್ಟೋ ಸಲ ಎರಡು ವಾರ. ಅಷ್ಟರೊಳಗೆ ಒಂದು ಮಳೆ ಬಿದ್ದು ಮರುದಿನ ಬಿಸಿಲು ಕಾದರೆ ಕೆಮ್ಮಣ್ಣು ಮೇಲೆ ಹಪ್ಪಳದಷ್ಟು ಗಟ್ಟಿ ಪದರ ಕಟ್ಟುತ್ತದೆ, ಮೊಳಕೆ ಒಳಗೇ ಮುರಿದುಹೋಗುತ್ತದೆ. ಇದಕ್ಕೆ ಯಾವ ಬಾಟಲಿಯಲ್ಲೂ ಮದ್ದಿಲ್ಲ. ಮಣ್ಣನ್ನು ಪುಡಿಯಾಗುವಂತೆ ಹರಗು, ಕಲ್ಲು ಆರಿಸು, ಏರುಮಡಿ ಮಾಡು. ಮೇಲೆ ತೆಳ್ಳಗೆ ಹುಲ್ಲು ಹೊದಿಸಿ, ಮೊಳಕೆ ಕಂಡ ಕೂಡಲೇ ತೆಗೆ. ಅಲ್ಲಿಯವರೆಗೆ ಮೇಲ್ಮಣ್ಣು ಒಣಗಲು ಬಿಡಬೇಡ. ಮೊಬೈಲ್ ನೋಡುವಷ್ಟು ಸಲ ಮಡಿ ನೋಡಿದರೆ ಸಾಕು, ನಿನ್ನ ಬೆಳೆಗೆ ಭಯವಿಲ್ಲ.

ಗೊಬ್ಬರ ಪೂರ್ತಿ ಕಳಿತಿರಲಿ. ಹಸಿ ಸಗಣಿ ಹಾಕಿದ ಮಡಿಯಲ್ಲಿ ಕ್ಯಾರೆಟ್ ಎರಡು ಮೂರು ಕಾಲು ಬಿಟ್ಟು ಕವಲೊಡೆಯುತ್ತದೆ. ಮಂಡಿಯಲ್ಲಿ ಅದನ್ನು ಯಾರೂ ಮೂಸುವುದಿಲ್ಲ. ಯೂರಿಯಾ ಹೆಚ್ಚಾದರೂ ಸೊಪ್ಪು ಸೊಂಪಾಗಿ, ಗೆಡ್ಡೆ ಸೊರಗುತ್ತದೆ. ಬೀಟ್‌ರೂಟಿನದು ಇನ್ನೊಂದು ಕತೆ. ನಾವು ಬೀಜ ಅನ್ನುವುದು ನಿಜವಾಗಿ ಬೀಜಗಳ ಗೊಂಚಲು. ಒಂದರಿಂದಲೇ ಮೂರು ನಾಲ್ಕು ಸಸಿ ಎದ್ದು ನಿಲ್ಲುತ್ತವೆ. ಒಂದನ್ನು ಬಿಟ್ಟು ಉಳಿದವನ್ನು ಕೀಳಲೇಬೇಕು. ನಿನ್ನಂಥ ಮೃದು ಮನಸ್ಸಿನವರಿಗೆ ಕೀಳಲು ಕೈ ಬರುವುದಿಲ್ಲ. ಕಿತ್ತುಹಾಕು ಮಗ, ಇಲ್ಲದಿದ್ದರೆ ಒಂದೂ ದಪ್ಪವಾಗುವುದಿಲ್ಲ.

ಇಷ್ಟಾದ ಮೇಲೆ ಟಾನಿಕ್ಕಿನ ಮಾತು. ಜೀವಾಮೃತವನ್ನು ಮನೆಯಲ್ಲೇ ಮಾಡಬಹುದು. 200 ಲೀಟರ್ ನೀರಿಗೆ 10 ಕೆಜಿ ನಾಟಿ ಹಸುವಿನ ಸಗಣಿ, 5ರಿಂದ 10 ಲೀಟರ್ ಗಂಜಲ, ಎರಡೆರಡು ಕೆಜಿ ಬೆಲ್ಲ ಮತ್ತು ದ್ವಿದಳ ಧಾನ್ಯದ ಹಿಟ್ಟು, ಬದುವಿನ ಒಂದು ಹಿಡಿ ಮಣ್ಣು. ನೆರಳಲ್ಲಿಟ್ಟು ದಿನವೂ ಕಲಕಿದರೆ ಎರಡು ದಿನಕ್ಕೆ ಸಿದ್ಧ, ಒಂದು ಎಕರೆಗೆ ಆಗುತ್ತದೆ. ಡ್ರಿಪ್ಪಿಗೆ ಬಿಡುವುದಾದರೆ ಬಟ್ಟೆಯಲ್ಲಿ ಸೋಸು, ಇಲ್ಲದಿದ್ದರೆ ಇಡೀ ದಿನ ಕಟ್ಟಿಕೊಂಡ ಪೈಪು ಬಿಡಿಸುತ್ತಾ ಕೂರುತ್ತೀಯ. ಕ್ಯಾರೆಟ್ಟನ್ನು ಮಕ್ಕಳು ಹಸಿಯಾಗಿಯೇ ಕಡಿದು ತಿನ್ನುತ್ತಾರೆ. ಆದ್ದರಿಂದ ಸಗಣಿ ನೀರೆಲ್ಲ ಎಳೆ ಪೈರಿಗೇ ಮುಗಿಯಬೇಕು, ಕೊಯ್ಲು ಹತ್ತಿರ ಬಂದಾಗ ಒಂದು ಹನಿಯೂ ಬೇಡ.

ಕಡಲಪಾಚಿ ಸಾರ ಕೊಳ್ಳಲೇಬೇಕು ಅನ್ನಿಸಿದರೆ ಕೊಳ್ಳು. ತಮಿಳುನಾಡಿನ ರಾಮನಾಥಪುರದ ಕಡಲಲ್ಲಿ ಬೆಳೆಸುವ ಕಪ್ಪಾಫೈಕಸ್ ಎಂಬ ಪಾಚಿಯಿಂದಲೂ ಇದನ್ನು ತೆಗೆಯುತ್ತಾರೆ. 2021ರಲ್ಲಿ ಕೇಂದ್ರ ಸರ್ಕಾರ ಇಂಥ ಜೈವಿಕ ಉತ್ತೇಜಕಗಳನ್ನು ರಸಗೊಬ್ಬರ ನಿಯಂತ್ರಣ ಆದೇಶದೊಳಗೆ ತಂದಿತು. ಹಾಗಾಗಿ ಲೇಬಲ್ಲಿನಲ್ಲಿ ಒಳಗೇನಿದೆ, ಯಾವ ಬೆಳೆಗೆ, ಎಷ್ಟು ಅಂತ ಓದು, ಬಿಲ್ಲು ಕೇಳು. ಚೀಟಿಯಲ್ಲಿ ಬರೆದದ್ದಕ್ಕಿಂತ ಹೆಚ್ಚು ಹಾಕಿದರೆ ಬೆಳೆ ಹೆಚ್ಚುತ್ತದೆ ಅಂದುಕೊಳ್ಳಬೇಡ. ಬೆಳಗಿನ ತಂಪಿನಲ್ಲೋ ಸಂಜೆಯೋ ಸಿಂಪಡಿಸು. ಮಡಿ ಬಿರುಕು ಬಿಟ್ಟು ಎಲೆ ಜೋತುಬಿದ್ದ ಮೇಲೆ ಡಬ್ಬಿ ಹೊತ್ತು ಓಡಿದರೆ ಕೆಲಸವಾಗದು, ಗಿಡ ಸೊರಗುವ ಮೊದಲೇ ಕೊಟ್ಟರೆ ಮಾತ್ರ ಫಲ. ನೀರನ್ನೂ ಒಂದೇ ಅಳತೆಯಲ್ಲಿ ಕೊಡು. ನಾಲ್ಕು ದಿನ ಒಣಗಿಸಿ ಐದನೆಯ ದಿನ ತುಂಬಿಸಿದರೆ ಗೆಡ್ಡೆ ಸೀಳುತ್ತದೆ.

ಕೊನೆಗೆ ನನ್ನದೊಂದು ಹಟ, ಇದನ್ನು ನಡೆಸಿಕೊಡು. ಒಂದೇ ಮಣ್ಣು, ಒಂದೇ ನೀರು ಇರುವ ಕಡೆ ಎರಡು ಮಡಿಗೆ ಟಾನಿಕ್ ಹಾಕದೆ ಬಿಡು. ಕಿತ್ತಾಗ ಪಕ್ಕದ ಎರಡು ಮಡಿಯ ಜೊತೆ ತಕ್ಕಡಿಗೆ ಹಾಕು. ಹೆಚ್ಚು ಬಂದ ತೂಕ ಬಾಟಲಿಯ ದುಡ್ಡು ಹುಟ್ಟಿಸಿದರೆ ಮುಂದಿನ ಬೆಳೆಗೂ ತಾ. ಹುಟ್ಟಿಸದಿದ್ದರೆ ಅದೇ ದುಡ್ಡಿಗೆ ಒಂದು ಗಾಡಿ ಕಳಿತ ತಿಪ್ಪೆಗೊಬ್ಬರ ಹೊಡೆಸು.