ಇನ್ನೊಂದು ವರ್ಷದ ಅವಕಾಶ



ನಿಮ್ಮ ಬೀದಿಯ ಹುಡುಗನೊಬ್ಬ ಕೆಲಸಕ್ಕಿದ್ದ ಅಂಗಡಿಯ ಗಲ್ಲಾಪೆಟ್ಟಿಗೆಯಿಂದ ಹಣ ಕದ್ದು ಸಿಕ್ಕಿಬಿದ್ದ ಎಂದಿಟ್ಟುಕೊಳ್ಳಿ. ವಯಸ್ಸು ಹತ್ತೊಂಬತ್ತು. ನ್ಯಾಯಾಲಯದಲ್ಲಿ ಅಪರಾಧ ಸಾಬೀತಾಗಿದೆ, ಶಿಕ್ಷೆ ಇನ್ನೂ ಪ್ರಕಟವಾಗಿಲ್ಲ. ಅಷ್ಟರಲ್ಲಿ ಒಬ್ಬರು ಕೈಯಲ್ಲಿ ಫೈಲು ಹಿಡಿದು ನಿಮ್ಮ ಮನೆಗೆ ಬಂದು, "ಈ ಹುಡುಗ ನಿಮಗೆ ಗೊತ್ತೆ? ಎಂಥವನು?" ಎಂದು ಕೇಳುತ್ತಾರೆ. ನೀವೇನು ಹೇಳುವಿರಿ?

"ಕೋರ್ಟಿನ ಉಸಾಬರಿ ನಮಗೇಕೆ?" ಎಂದು ಬಾಗಿಲು ಹಾಕಿಕೊಳ್ಳುವವರೇ ಹೆಚ್ಚು. ಆದರೆ ಬಂದವರು ಪೊಲೀಸರಲ್ಲ, ವಕೀಲರೂ ಅಲ್ಲ. ಅವರು ಪ್ರೊಬೇಷನ್ ಅಧಿಕಾರಿ; ಸರ್ಕಾರಿ ಕನ್ನಡದಲ್ಲಿ ಪರಿವೀಕ್ಷಣಾಧಿಕಾರಿ. ಹುಡುಗ ಜೈಲಿಗೆ ಹೋಗಬೇಕೋ ಮನೆಗೆ ಮರಳಬೇಕೋ ಎಂದು ತೀರ್ಮಾನಿಸುವವರು ನ್ಯಾಯಾಧೀಶರು. ಆದರೆ ಅವರ ಮುಂದಿರುವ ವರದಿಯನ್ನು ಬರೆಯುವವರು ಈ ಅಧಿಕಾರಿ. ಆ ವರದಿಯಲ್ಲಿ ನೆರೆಹೊರೆಯವರಾದ ನಮ್ಮ ಮಾತೂ ಸೇರಿರುತ್ತದೆ. ಆದ್ದರಿಂದ ಈ ಸೇವೆಯ ಬಗ್ಗೆ ನಾವು ತಿಳಿದಿರುವುದು ಒಳ್ಳೆಯದು.

ಚಮ್ಮಾರನಿಂದ ಆರಂಭ

ಈ ಪದ್ಧತಿಯನ್ನು ಮೊದಲು ಆಚರಿಸಿ ತೋರಿಸಿದವನು ದೊಡ್ಡ ಕಾನೂನು ಪಂಡಿತನೇನಲ್ಲ. ಅಮೆರಿಕದ ಬೋಸ್ಟನ್ ನಗರದಲ್ಲಿ ಬೂಟು ಹೊಲಿಯುತ್ತಿದ್ದ ಜಾನ್ ಅಗಸ್ಟಸ್. 1841ರಲ್ಲಿ ಆತ ನ್ಯಾಯಾಲಯದಲ್ಲಿದ್ದಾಗ ಒಬ್ಬ ಕುಡುಕನನ್ನು ಕರೆತಂದರು. ಅಗಸ್ಟಸ್ ಅವನೊಡನೆ ಮಾತನಾಡಿದ, ತಾನೇ ಜಾಮೀನಾದ. ಮೂರು ವಾರಗಳ ಬಳಿಕ ಆ ಮನುಷ್ಯ ಕುಡಿತ ಬಿಟ್ಟು ನ್ಯಾಯಾಧೀಶರ ಮುಂದೆ ಬಂದು ನಿಂತ. ಜೈಲಿನ ಬದಲು ಒಂದು ಸೆಂಟ್ ದಂಡ ಮತ್ತು ಕೋರ್ಟಿನ ಖರ್ಚು ಕಟ್ಟಿಸಿಕೊಂಡು ಅವನನ್ನು ಬಿಟ್ಟರು. 1859ರಲ್ಲಿ ತೀರಿಕೊಳ್ಳುವವರೆಗೆ ಅಗಸ್ಟಸ್ ಸುಮಾರು 2,000 ಜನರಿಗೆ ಹೀಗೆ ಹೊಣೆಯಾದ. ಇದಕ್ಕೆ ಅವನಿಗೆ ಸಂಬಳವಿರಲಿಲ್ಲ. ಸಂಬಳದ ಪ್ರೊಬೇಷನ್ ಅಧಿಕಾರಿಯ ನೇಮಕಕ್ಕೆ ಮ್ಯಾಸಚೂಸೆಟ್ಸ್ ರಾಜ್ಯ ಕಾನೂನು ಮಾಡಿದ್ದು 1878ರಲ್ಲಿ.

ನಮ್ಮ ದೇಶದ ಕಾನೂನು

ನಮ್ಮ ದೇಶದಲ್ಲಿ 1898ರ ದಂಡ ಪ್ರಕ್ರಿಯಾ ಸಂಹಿತೆಯಲ್ಲೇ ಇದರ ಬೀಜವಿತ್ತು. ಪೂರ್ಣ ರೂಪ ಕೊಟ್ಟದ್ದು 1958ರ ಅಪರಾಧಿಗಳ ಪರಿವೀಕ್ಷಣೆ ಕಾಯ್ದೆ. ಜಾಮೀನು, ಪೆರೋಲ್, ಪ್ರೊಬೇಷನ್ ಈ ಮೂರನ್ನೂ ನಾವು ಒಂದೇ ಎಂದು ಭಾವಿಸುವುದುಂಟು. ಜಾಮೀನು ಸಾಮಾನ್ಯವಾಗಿ ತೀರ್ಪಿಗೆ ಮುಂಚಿನದು. ಪೆರೋಲ್ ಜೈಲಿನಲ್ಲಿರುವ ಕೈದಿಗೆ ಸಿಗುವ ತಾತ್ಕಾಲಿಕ ಬಿಡುಗಡೆ. ಪ್ರೊಬೇಷನ್ ಎಂದರೆ, ತಪ್ಪು ಸಾಬೀತಾದ ಮೇಲೂ ಜೈಲಿಗೆ ಕಳುಹಿಸದೆ, ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡುವುದು. ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆ ವಿಧಿಸಬಹುದಾದ ಅಪರಾಧಗಳಿಗೆ ಇದು ಸಲ್ಲದು.

ಇಪ್ಪತ್ತೊಂದು ತುಂಬದವರ ವಿಷಯದಲ್ಲಿ ಕಾಯ್ದೆ ಇನ್ನಷ್ಟು ಮೃದು. ಅಂಥವರನ್ನು ಜೈಲಿಗೆ ಕಳುಹಿಸುವ ಮುನ್ನ ನ್ಯಾಯಾಲಯ ಪ್ರೊಬೇಷನ್ ಅಧಿಕಾರಿಯ ವರದಿ ತರಿಸಿಕೊಳ್ಳಬೇಕು. ಆದರೂ ಜೈಲೇ ಸರಿ ಎನಿಸಿದರೆ ಕಾರಣ ಬರೆದಿಡಬೇಕು. ಹದಿನೆಂಟು ತುಂಬದ ಮಕ್ಕಳಿಗೆ 2015ರ ಬಾಲನ್ಯಾಯ ಕಾಯ್ದೆಯೇ ಬೇರೆ ಇದೆ. ಅಲ್ಲಿಯೂ ಮಗುವಿನ ಹಿನ್ನೆಲೆಯನ್ನು ವಿಚಾರಿಸಿ ವರದಿ ಕೊಡುವ ಹೊಣೆ ಪ್ರೊಬೇಷನ್ ಅಧಿಕಾರಿಯದು.

ಅಧಿಕಾರಿಯ ಕೆಲಸವೇನು?

ಮೊದಲನೆಯದು ವಿಚಾರಣೆ. ಮನೆಯ ಪರಿಸ್ಥಿತಿ ಹೇಗಿದೆ? ತಂದೆ ಕುಡಿಯುತ್ತಾರೆಯೇ? ಹುಡುಗನ ಸಹವಾಸ ಎಂಥದು? ಕೇವಲ "ಏನು ಮಾಡಿದ?" ಎಂಬುದಲ್ಲ, "ಏಕೆ ಮಾಡಿದ, ಇನ್ನು ಏನಾಗಬಲ್ಲ?" ಎಂಬುದೂ ಇಲ್ಲಿ ಮುಖ್ಯ. ಈ ವರದಿಯನ್ನು ಕಾಯ್ದೆ ಗೋಪ್ಯವೆಂದು ಪರಿಗಣಿಸುತ್ತದೆ. ಅದರ ಸಾರಾಂಶವನ್ನು ಮಾತ್ರ ನ್ಯಾಯಾಲಯ ಅಪರಾಧಿಗೆ ತಿಳಿಸಬಹುದು.

ಎರಡನೆಯದು ಮೇಲ್ವಿಚಾರಣೆ. ಮುಚ್ಚಳಿಕೆಯ ಅವಧಿ ಗರಿಷ್ಠ ಮೂರು ವರ್ಷ. ಅಧಿಕಾರಿಯ ಮೇಲ್ವಿಚಾರಣೆಗೆ ಒಪ್ಪಿಸಿದರೆ ಅದು ಒಂದು ವರ್ಷಕ್ಕಿಂತ ಕಡಿಮೆಯಿರುವಂತಿಲ್ಲ. ಎಲ್ಲಿ ವಾಸಿಸಬೇಕು, ಮದ್ಯ ಮುಟ್ಟಬಾರದು ಎಂಬಂಥ ಷರತ್ತುಗಳನ್ನೂ ಹಾಕಬಹುದು. ಅಗತ್ಯವಿದ್ದರೆ ಕೆಲಸ ಹುಡುಕಿಕೊಡಲು ಪ್ರಯತ್ನಿಸುವುದೂ ಅಧಿಕಾರಿಯ ಕರ್ತವ್ಯವೇ.

ಕರುಣೆಯೆಂದರೆ ಕಣ್ಣು ಮುಚ್ಚಿಕೊಳ್ಳುವುದೇ?

"ಹಾಗಾದರೆ ಹಣ ಕಳೆದುಕೊಂಡ ಅಂಗಡಿಯವರ ಗತಿ?" ಎಂದು ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಷ್ಟಕ್ಕೊಳಗಾದವರಿಗೆ ಪರಿಹಾರ ಕೊಡಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ಅದನ್ನು ಕಟ್ಟಲು ಹುಡುಗನಿಗೆ ಬುದ್ಧಿ ಹೇಳಿ ನೆರವಾಗುವುದನ್ನೂ ಕಾಯ್ದೆ ಅಧಿಕಾರಿಯ ಕೆಲಸದಲ್ಲಿ ಸೇರಿಸಿದೆ. ಷರತ್ತು ಮುರಿದರೆ ನ್ಯಾಯಾಲಯ ಅವನನ್ನು ಮತ್ತೆ ಕರೆಸಿ ಮೊದಲಿನ ಅಪರಾಧಕ್ಕೇ ಶಿಕ್ಷೆ ಕೊಡಬಹುದು. ಜಕ್ಕಾಯನ ನೆನಪು ಮಾಡಿಕೊಳ್ಳಿ. ಯೇಸುಸ್ವಾಮಿ ಅವನ ಮನೆಗೆ ಹೋದರು. ಅವನು ಮೋಸದಿಂದ ಪಡೆದದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸಲು ಮುಂದಾದನು. ಪಾಪನಿವೇದನೆಯಲ್ಲಿಯೂ ಕದ್ದದ್ದನ್ನು ಹಿಂದಿರುಗಿಸುವ ಹೊಣೆ ಕ್ಷಮೆಯೊಂದಿಗೆ ಮುಗಿದುಹೋಗುವುದಿಲ್ಲ.

ಒಂದು ವರ್ಷವಾದರೂ ಏಕೆ ಬೇಕು? ಸದ್ಗುಣ ಅಭ್ಯಾಸದಿಂದ ಬೆಳೆಯುತ್ತದೆ ಎಂದು ಅರಿಸ್ಟಾಟಲ್ ಕಲಿಸಿದನು. ದಿನವೂ ಹೊತ್ತಿಗೆ ಸರಿಯಾಗಿ ಕೆಲಸಕ್ಕೆ ಹೋಗುವುದು, ದುಡಿದದ್ದನ್ನು ಮನೆಗೆ ತರುವುದು, ಕರೆದ ದಿನ ಅಧಿಕಾರಿಯ ಮುಂದೆ ಹಾಜರಾಗುವುದು: ಇವೆಲ್ಲ ರೂಢಿಯಾಗಲು ಕಾಲ ಹಿಡಿಯುತ್ತದೆ. ಸಂತ ಲೂಕನ ಶುಭಸಂದೇಶದ 13ನೇ ಅಧ್ಯಾಯದಲ್ಲಿ ಫಲ ಕೊಡದ ಅಂಜೂರದ ಮರದ ಸಾಮತಿಯಿದೆ. ಅದನ್ನು ಕಡಿದುಹಾಕಲು ಯಜಮಾನ ಹೇಳಿದಾಗ ತೋಟಗಾರ ಇನ್ನೊಂದು ವರ್ಷ ಬೇಡುತ್ತಾನೆ. ಆದರೆ ಕೈಕಟ್ಟಿ ಕಾಯುವುದಾಗಿ ಅವನು ಹೇಳುವುದಿಲ್ಲ. ಬುಡ ಅಗೆದು ಗೊಬ್ಬರ ಹಾಕುವ ಹೊಣೆ ಹೊರುತ್ತಾನೆ. ಫಲ ಬಾರದಿದ್ದರೆ ಕಡಿಯಬಹುದೆಂದೂ ಒಪ್ಪುತ್ತಾನೆ. ಪ್ರೊಬೇಷನ್ ಅಧಿಕಾರಿಯ ಕೆಲಸವನ್ನು ಅರಿಯಲು ಇದಕ್ಕಿಂತ ಒಳ್ಳೆಯ ಹೋಲಿಕೆ ನನಗೆ ತೋಚದು.

ನಮ್ಮ ಪಾಲು

ಆದರೆ ಒಬ್ಬ ತೋಟಗಾರ ಎಷ್ಟು ಮರಗಳ ಬುಡ ಅಗೆದಾನು? ಅಧಿಕಾರಿ ಬಂದಾಗ ಉತ್ಪ್ರೇಕ್ಷೆಯಿಲ್ಲದೆ ನಿಜ ಹೇಳೋಣ. ಸುಳ್ಳು ಹೊಗಳಿಕೆಯೂ ಬೇಡ, ಹಳೆಯ ಜಗಳದ ಸೇಡೂ ಬೇಡ. ಹುಡುಗನಿಗಾಗಲಿ ಅವನ ಜಾಮೀನುದಾರನಿಗಾಗಲಿ ಖಾಯಂ ವಾಸವೋ ಉದ್ಯೋಗವೋ ಇದೆಯೇ ಎಂದು ನ್ಯಾಯಾಲಯ ನೋಡುತ್ತದೆ. ಯೋಚಿಸಿ, ಶಕ್ತಿಯಿದ್ದರೆ ಹೊಣೆಯಾಗೋಣ. ಗ್ಯಾರೇಜು, ಬೇಕರಿ, ಅಂಗಡಿ ನಡೆಸುವವರು ಒಂದು ಕೆಲಸ ಕೊಡಬಹುದು. ಹೀಗೆ ಬಿಡುಗಡೆಯಾದವನಿಗೆ, ಅಪರಾಧಿಯೆಂಬ ತೀರ್ಪಿನಿಂದ ಕಾನೂನಿನಲ್ಲಿ ಉಂಟಾಗುವ ಅನರ್ಹತೆ ತಟ್ಟಬಾರದೆಂದು ಕಾಯ್ದೆಯ 12ನೇ ಕಲಮು ಹೇಳುತ್ತದೆ. ಕಾನೂನೇ ಅಳಿಸಿದ ಕಳಂಕವನ್ನು ದೇವಾಲಯದ ಅಂಗಳದಲ್ಲಿ ನಾವು ಪಿಸುಮಾತಿನಿಂದ ಮತ್ತೆ ಬರೆಯುವುದು ಸರಿಯೇ? ಹುಡುಗನ ತಾಯಿ ಆ ಪಿಸುಮಾತಿಗೆ ಅಂಜಿ ಭಾನುವಾರದ ಪೂಜೆಗೆ ಬರುವುದನ್ನೇ ಬಿಟ್ಟರೆ, ಅದರ ಲೆಕ್ಕ ಒಪ್ಪಿಸಬೇಕಾದವರು ಯಾರು?

ಕುಟುಂಬದಲ್ಲಿ ಚರ್ಚಿಸಲು

1. ನಮ್ಮ ಮನೆಯ ಮಗನೇ ಹೀಗೆ ಸಿಕ್ಕಿಬಿದ್ದರೆ, ನೆರೆಯವರು ಅಧಿಕಾರಿಗೆ ಏನು ಹೇಳಲೆಂದು ಬಯಸುತ್ತೇವೆ?

2. ಹಣ ಕಳೆದುಕೊಂಡವರ ನೋವನ್ನು ಮರೆಯದೆ, ತಪ್ಪಿದವನಿಗೆ ನೆರವಾಗುವುದು ಹೇಗೆ?

3. ನಮ್ಮ ಧರ್ಮಕೇಂದ್ರದಲ್ಲಿ ಜೈಲಿನಿಂದಲೋ ಕೋರ್ಟಿನಿಂದಲೋ ಮರಳಿ ಬಂದವರು ಇದ್ದಾರೆಯೇ? ಈ ವಾರ ಅವರ ಮನೆಗೆ ಯಾರು ಹೋಗುತ್ತೀರಿ?